ಒತ್ತಡ, ಸ್ವಭಾವ, ಖಿನ್ನತೆ: ನಿಮ್ಮ ಲೆಕ್ಕ ನೋಡಿಕೊಳ್ಳುವುದು ಹೇಗೆ?

ಇಂಟರ್ನಲ್ಸ್‌ನಲ್ಲಿ ಇಬ್ಬರಿಗೂ ಅಷ್ಟೇ ಕಡಿಮೆ ಅಂಕ ಬಂತು ಅಂದುಕೊಳ್ಳಿ. ಒಬ್ಬಳು ಕ್ಯಾಂಟೀನಿನಲ್ಲಿ ಮೇಷ್ಟ್ರನ್ನು ಬೈದು, ಟೀ ಕುಡಿದು ಮರೆತಳು. ಇನ್ನೊಬ್ಬಳು ವಾರವಿಡೀ ಸರಿಯಾಗಿ ಊಟ ಮಾಡಲಿಲ್ಲ. ಈ ವ್ಯತ್ಯಾಸದಲ್ಲಿ ಸ್ವಭಾವದ ಪಾಲು ದೊಡ್ಡದು.

ಮೊದಲು ಒತ್ತಡಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬ್ಯಾಕ್ ಉಳಿದ ಸಬ್ಜೆಕ್ಟು, ಪಿಜಿ ಬಾಡಿಗೆ, ಪ್ಲೇಸ್‌ಮೆಂಟ್, ಮನೆಯ ಸಾಲ. ನಿಮ್ಮ ಕೈಲಿ ಆಗುವಂಥದ್ದಕ್ಕೆ ಗುರುತು ಹಾಕಿ.

ಇನ್ನು ಸ್ವಭಾವ. ಮನಶ್ಶಾಸ್ತ್ರದಲ್ಲಿ ವ್ಯಕ್ತಿತ್ವವನ್ನು ಸಾಮಾನ್ಯವಾಗಿ 5 ಗುಣಗಳಲ್ಲಿ ಅಳೆಯುತ್ತಾರೆ. ಅದರಲ್ಲಿ ಖಿನ್ನತೆಗೆ ತೀರಾ ಹತ್ತಿರದ್ದು ನ್ಯೂರೋಟಿಸಿಸಂ. ಅಂದರೆ ಬೇಗ ಗಾಬರಿ, ಬೇಗ ಬೇಸರ, ಆದದ್ದನ್ನೇ ಮತ್ತೆ ಮತ್ತೆ ಮೆಲುಕು ಹಾಕುವುದು. ಇಂಥವರಿಗೆ ಸಣ್ಣ ಒತ್ತಡವೂ ದೊಡ್ಡದಾಗಿ ಕಾಣುತ್ತದೆ. ಸಿಡುಕಿನಿಂದ ರೂಮ್‌ಮೇಟ್ ಜೊತೆ ಜಗಳವಾದರೆ ಹೊಸ ಒತ್ತಡವೊಂದು ಸೇರಿಕೊಳ್ಳುತ್ತದೆ. ಶಿಸ್ತು ಸಾಮಾನ್ಯವಾಗಿ ಕಾಪಾಡುವ ಗುಣ. ಆದರೆ 90 ಬಂದರೂ ಉಳಿದ 10ಕ್ಕೆ ಕೊರಗುವಷ್ಟಾದರೆ ಅದೇ ಭಾರ. ಮಾತು ಕಡಿಮೆ ಅಂದ ಮಾತ್ರಕ್ಕೆ ಖಿನ್ನತೆಯಲ್ಲ, ನೆಂಟರು ಏನೇ ಅಂದುಕೊಳ್ಳಲಿ. ಸ್ವಭಾವ ಹೀಗಿದ್ದವರಿಗೆಲ್ಲ ಖಿನ್ನತೆ ಬಂದೇ ಬರುತ್ತದೆ ಅಂತಲೂ ಇಲ್ಲ.

ಈಗ ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನೆಪಟ್ಟಿ ನೋಡಿ. ಕಳೆದ 2 ವಾರಗಳ ಬಗ್ಗೆ 9 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ. ಒಟ್ಟು 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ಖಿನ್ನತೆ ಇದೆಯೋ ಇಲ್ಲವೋ ಎಂದು ಹೇಳಬೇಕಾದವರು ಅವರೇ. ಕೊನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ 0 ಬಿಟ್ಟು ಬೇರೆ ಉತ್ತರ ಬಂದರೆ ಒಟ್ಟು ಅಂಕ ಕೂಡಿಸುತ್ತಾ ಕೂರಬೇಡಿ, ಇವತ್ತೇ ಯಾರಿಗಾದರೂ ಹೇಳಿ.

ಜೊತೆಗೆ ದಿನಕ್ಕೊಂದೆರಡು ಸಣ್ಣ ಕೆಲಸಕ್ಕೆ ಸಮಯ ಗೊತ್ತು ಮಾಡಿ. ಬಟ್ಟೆ ಒಗೆಯುವುದು, ಗೆಳತಿಯ ಜೊತೆ ಅರ್ಧ ಗಂಟೆ ನಡೆಯುವುದು, ಯಾವುದಾದರೂ ಸರಿ. ಮನಸ್ಸು ಬಂದಾಗ ಮಾಡ್ತೀನಿ ಅಂತ ಕಾಯಬೇಡಿ. ಖಿನ್ನತೆ ಕಸಿಯುವುದೇ ಆ ಮನಸ್ಸನ್ನು ಅಲ್ವಾ? ಚಿಂತೆ ಸುತ್ತತೊಡಗಿದಾಗ 'ಇದಕ್ಕೆ ಈಗ ನಾನು ಮಾಡಬಹುದಾದದ್ದು ಏನು?' ಅಂತ ಕೇಳಿಕೊಳ್ಳಿ. ಏನೂ ಇಲ್ಲದಿದ್ದರೆ ಎದ್ದು ಆ ಸಣ್ಣ ಕೆಲಸಕ್ಕೆ ಹೋಗಿ.

ಕೌನ್ಸೆಲರ್ ಹತ್ತಿರ ಹೋಗಲು ಮುಜುಗರವೇ? ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಈ ಸರ್ಕಾರಿ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಏನು ಹೇಳಲಿ ಅಂತ ತಡವರಿಸಬೇಡಿ. 'ಎರಡು ವಾರದಿಂದ ನಿದ್ದೆ ಇಲ್ಲ, ಓದೋಕಾಗ್ತಿಲ್ಲ' ಅಂದರೆ ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ.