ಅಕ್ಕನ ಮಗಳ ಸ್ವಿಂಗ್ ತಡವಾಗುತ್ತಿದ್ದದ್ದು ಎಲ್ಲಿ?

ಬಳ್ಳಾರಿಯಲ್ಲಿ ಅಕ್ಕನ ಮಗಳು ಸಾಫ್ಟ್‌ಬಾಲ್ ಆಡುತ್ತಾಳೆ. ಬಲಗೈ ಬ್ಯಾಟಿಂಗ್. ಬ್ಯಾಟ್ ತಡವಾಗಿ ಬೀಸಿ, ಹೊಡೆದದ್ದೆಲ್ಲ ಬಲಕ್ಕೆ, ಫಸ್ಟ್ ಬೇಸ್ ಕಡೆ ಗೆರೆಯಾಚೆ ಫೌಲ್. "ಮಾಮಾ, ಬಾಲ್ ಭಾಳ ಜೋರ್ ಬರ್ತೈತಿ" ಅನ್ನೋದೇ ಅವಳ ದೂರು. ಬೇಗ ಬೀಸು ಅಂತ ನಾನೂ ಒಂದು ತಿಂಗಳು ಕೂಗಿದೆ. ಸುಮ್ನೆ ಗಂಟಲು ನೋವು.

ಒಂದು ಸಂಜೆ ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದೆ. ಪಿಚರ್ (ಬಾಲ್ ಎಸೆಯುವವಳು) ಬಾಲ್ ಬಿಟ್ಟ ಮೇಲೆ ಇವಳು ಎಡಗಾಲು ಎತ್ತುತ್ತಿದ್ದಳು! ಗಂಟೆಗೆ 80 ಕಿ.ಮೀ. ವೇಗದ ಬಾಲ್ ಪಿಚರ್‌ನಿಂದ ಬ್ಯಾಟರ್‌ವರೆಗಿನ 43 ಅಡಿ ದಾಟಲು ಸುಮಾರು 0.6 ಸೆಕೆಂಡ್ ಸಾಕು. ಅಷ್ಟರಲ್ಲಿ ಕಾಲೆತ್ತಿ, ಊರಿ, ಬಾಲ್ ನೋಡಿ ಬೀಸೋದು ಆಗುತ್ತಾ?

ಮನೆ ಮುಂದಿನ ಬಯಲಲ್ಲಿ ರಂಗೋಲಿ ಪುಡಿಯಿಂದ ಗೆರೆ ಎಳೆದೆ. ಪಿಚರ್ ಆಗಿ ನಿಂತ ನನ್ನ ಕೈ ಸುತ್ತಿ ತಲೆ ಮೇಲೆ ಬಂದಾಗ ಅವಳು ಕಾಲೆತ್ತಬೇಕು. ಸೊಂಟದ ಹತ್ತಿರ ನಾನು ಬಾಲ್ ಬಿಡುವಾಗ ಗೆರೆ ಮೇಲೆ ಊರಬೇಕು. ನಾಲ್ಕು ದಿನ ಬರೀ ಕಾಲು, ಬ್ಯಾಟ್ ಇಲ್ಲ. ಅವಳಿಗೆ ಸಿಟ್ಟೋ ಸಿಟ್ಟು. ಐದನೇ ದಿನ ಬ್ಯಾಟ್ ಕೊಟ್ಟೆ. ಬಾಲ್ ನನ್ನ ತಲೆ ಮೇಲಿಂದ ನೇರ ಹೋಗತೊಡಗಿತು.

ನಿಧಾನದ ಬಾಲ್‌ಗೆ ಮಾತ್ರ ಎಡವಿದಳು. ಕಾಲಿನ ಜೊತೆ ಕೈಯೂ ಮುಂದೆ ಬರುತ್ತಿತ್ತು. "ಕಾಲು ಊರಲಿ, ಕೈ ಕಾಯಲಿ" ಅಂತ ಹೇಳಿಕೊಟ್ಟೆ. ಮೊನ್ನೆ ಬಾಲ್ ಪಕ್ಕದ ಮನೆ ಮಾಳಿಗೆಗೆ ಹೋಯಿತು. ತರಲು ನಾನೇ ಹತ್ತಬೇಕಾಯ್ತು.