ಪಿಎಲ್‌ಎ ಫಿಲ್ಮಿಗೆ ಪ್ರೋಟೀನ್ ಅಂಟದ ಹಾಗೆ ಮಾಡಲು ಹೊರಟಾಗ

ನೀರಿನ ಹನಿ ಚೆನ್ನಾಗಿ ಹರಡಿದರೆ ಸಾಕು, ಪ್ರೋಟೀನ್ ಅಂಟಲ್ಲ ಅಂತ ಮೊದಮೊದಲು ನಾನೂ ನಂಬಿದ್ದೆ.

ನನ್ನ ಕೆಲಸ ಪಿಎಲ್‌ಎ ಜೊತೆ, ಅಂದರೆ ಪಾಲಿಲ್ಯಾಕ್ಟಿಕ್ ಆಸಿಡ್. ಮೂಳೆಗೆ ಹಾಕುವ, ಮೈಯೊಳಗೇ ನಿಧಾನವಾಗಿ ಕರಗುವ ಸ್ಕ್ರೂಗಳಲ್ಲಿ ಇದನ್ನು ಬಳಸುತ್ತಾರೆ. ತೊಂದರೆ ಏನಂದರೆ, ರಕ್ತ ತಾಗಿದ ಕೆಲವೇ ಸೆಕೆಂಡುಗಳಲ್ಲಿ ಇದರ ಮೇಲೆ ಪ್ರೋಟೀನ್ ಕೂತುಬಿಡುತ್ತದೆ. ಆಮೇಲೆ ಪ್ಲೇಟ್‌ಲೆಟ್‌ಗಳು ಬಂದು ಕಚ್ಚಿಕೊಳ್ಳುವುದು ಆ ಪದರಕ್ಕೇ.

ಮೊದಲು ಆಕ್ಸಿಜನ್ ಪ್ಲಾಸ್ಮಾ ಕೊಟ್ಟೆ (ರಕ್ತದ ಪ್ಲಾಸ್ಮಾ ಅಲ್ಲ, ವಿದ್ಯುತ್ತಿನಿಂದ ಅಯಾನುಗಳಾದ ಆಕ್ಸಿಜನ್ ಅನಿಲ). 80 ಡಿಗ್ರಿ ಹತ್ತಿರ ಇದ್ದ ಕಾಂಟ್ಯಾಕ್ಟ್ ಆಂಗಲ್, ಅಂದರೆ ನೀರಿನ ಹನಿಯ ಅಂಚು ಫಿಲ್ಮಿನ ಜೊತೆ ಮಾಡುವ ಕೋನ, ಅರ್ಧಕ್ಕೆ ಇಳಿಯಿತು. ಅದು ಕಡಿಮೆಯಾದಷ್ಟೂ ಹನಿ ಹರಡಿದೆ ಅಂತ. ಖುಷಿಯಾಗಿ ಮನೆಗೆ ಹೋದೆ. ಸೋಮವಾರ ಬಂದು ನೋಡಿದರೆ ಮತ್ತೆ ಮೇಲೇರಿತ್ತು. ಪಾಲಿಮರ್ ಸರಪಳಿಗಳು ಮಗ್ಗುಲು ಬದಲಿಸಿ, ನೀರಿಗೆ ಒಗ್ಗುವ ಭಾಗವನ್ನು ಒಳಗೆ ಎಳೆದುಕೊಂಡಿದ್ದವು. ಪ್ರೋಟೀನ್ ಅಂತೂ ಆರಾಮಾಗಿ ಕೂತಿತ್ತು.

ಮುಂದಿನದು ಪಾಲಿಡೋಪಮಿನ್, ಹೆಚ್ಚುಕಡಿಮೆ ಯಾವ ಮೇಲ್ಮೈಗೂ ಕಚ್ಚಿಕೊಳ್ಳುವ ಅಂಟು ಪದರ. ಸಮುದ್ರದ ಬಂಡೆಗೆ ಕಚ್ಚಿಕೊಂಡು ಕೂರುವ ಚಿಪ್ಪುಜೀವಿಯ ಅಂಟನ್ನು ನೋಡಿ, ಅಮೆರಿಕದ ಮೆಸರ್‌ಸ್ಮಿತ್ ತಂಡ 2007ರಲ್ಲಿ ತೋರಿಸಿದ ದಾರಿ ಅದು. ಪಿಎಚ್ 8.5ರ ಟ್ರಿಸ್ ಬಫರಿನಲ್ಲಿ (ಪಿಎಚ್ ಏರುಪೇರಾಗದಂತೆ ಹಿಡಿದಿಡುವ ದ್ರಾವಣ) ಮಿಲಿಲೀಟರಿಗೆ 2 ಮಿಲಿಗ್ರಾಂ ಡೋಪಮಿನ್, ಅಷ್ಟೇ. ಬೀಕರ್ ಮುಚ್ಚಬಾರದು, ಗಾಳಿ ಬೇಕು. ಬೆಳಗ್ಗೆ ಹೊತ್ತಿಗೆ ದ್ರಾವಣ ಕಾಫಿ ಡಿಕಾಕ್ಷನ್ ತರ ಆಗಿತ್ತು. ಅದರ ಮೇಲೆ, ತುದಿಯಲ್ಲಿ ಅಮೀನ್ (ಪಾಲಿಡೋಪಮಿನ್‌ಗೆ ಬೆಸೆಯುವ ಗುಂಪು) ಇರುವ 5000 ಅಣುತೂಕದ ಪಿಇಜಿ, ಅಂದರೆ ಪಾಲಿಎಥಿಲೀನ್ ಗ್ಲೈಕಾಲ್. ನೀರನ್ನು ಹಿಡಿದಿಟ್ಟುಕೊಂಡು ಪ್ರೋಟೀನನ್ನು ದೂರ ಇಡುವ ಎಳೆಗಳು ಇವು. ಬಿಸಿ ಮತ್ತು ಉಪ್ಪು ಜಾಸ್ತಿ ಇದ್ದರೆ ಪಿಇಜಿ ಎಳೆಗಳು ಮುದುಡಿಕೊಂಡು ಒತ್ತಾಗಿ ಕೂರುತ್ತವೆ. ಅದಕ್ಕೇ 50 ಡಿಗ್ರಿ, ಪೊಟ್ಯಾಸಿಯಂ ಸಲ್ಫೇಟ್ 0.6 ಮೋಲಾರ್. ದುರಾಸೆಯಿಂದ ಒಮ್ಮೆ 65ಕ್ಕೆ ಏರಿಸಿದೆ. ಫಿಲ್ಮ್ ಹಪ್ಪಳದ ಹಾಗೆ ಸುರುಟಿಕೊಂಡಿತು. 60ರ ಆಸುಪಾಸಿನಲ್ಲೇ ಪಿಎಲ್‌ಎ ಮೆತ್ತಗಾಗುತ್ತದೆ ಅಂತ ಗೊತ್ತಿದ್ದೂ ಮಾಡಿದ್ದು!

ಹೊಳೆಯುವ ಬಣ್ಣ ಕಟ್ಟಿದ ಅಲ್ಬುಮಿನ್‌ನಲ್ಲಿ (ರಕ್ತದ ಒಂದು ಪ್ರೋಟೀನ್) ಅದ್ದಿ ಮೈಕ್ರೋಸ್ಕೋಪಿನಡಿ ಇಟ್ಟೆ. ಫಿಲ್ಮ್ ತುಂಬಾ ಹಸಿರು ಗೆರೆಗಳು, ಅಂದರೆ ಅಲ್ಲೆಲ್ಲ ಪ್ರೋಟೀನ್. ಎರಡು ವಾರ ಪಿಇಜಿಯನ್ನೇ ಬೈದೆ, ಹೊಸ ಬಾಟಲಿ ತರಿಸಿದೆ. ಅದೇ ಗೆರೆ. ಆಮೇಲೆ ಗಮನಿಸಿದೆ, ಗೆರೆಗಳೆಲ್ಲ ಒಂದೇ ದಿಕ್ಕಿಗಿದ್ದವು. ಫೋರ್ಸೆಪ್ಸ್‌ನಿಂದ ನಾನು ಫಿಲ್ಮ್ ಮೇಲಕ್ಕೆ ಎತ್ತುವ ದಿಕ್ಕಿಗೆ.

ಕಾಯಿಸಿದ ಹಾಲಿಗೆ ಚಮಚ ಹಾಕಿ ತೆಗೆದರೆ ಕೆನೆ ಅಂಟಿಕೊಂಡು ಬರುತ್ತದೆ ಅಲ್ವಾ? ಇದೂ ಹಾಗೇ. ಗಾಳಿ ತಾಗುವ ಕಡೆ ಪ್ರೋಟೀನ್ ತೆಳ್ಳಗೆ ಕೆನೆ ಕಟ್ಟುತ್ತದೆ. ಫಿಲ್ಮ್ ಎತ್ತಿದಾಗಲೆಲ್ಲ ಅದನ್ನು ನಾನೇ ಬಳಿಯುತ್ತಿದ್ದೆ.

ಈಗ ಮೊದಲು ಫಿಲ್ಮನ್ನು ಬರೀ ಬಫರಿನಲ್ಲಿ ಮುಳುಗಿಸಿ, ಆಮೇಲೆ ಪ್ರೋಟೀನ್ ಸೇರಿಸುತ್ತೇನೆ. ತೊಳೆಯುವಾಗ ಎತ್ತುವುದಿಲ್ಲ. ಒಂದು ಕಡೆ ಬಫರ್ ಬಿಡುತ್ತಾ, ಇನ್ನೊಂದು ಕಡೆ ಪಿಪೆಟ್‌ನಿಂದ ಹೀರುತ್ತಾ, ದ್ರಾವಣ ಪೂರ್ತಿ ತಿಳಿಯಾಗುವವರೆಗೂ ಫಿಲ್ಮ್ ನೀರಿನೊಳಗೇ ಇರಬೇಕು. ಬೇಜಾರಿನ ಕೆಲಸ, ಆದರೆ ಗೆರೆ ಹೋಯಿತು. ಪಿಇಜಿ ಹಾಕಿದ್ದು ಹೆಚ್ಚುಕಡಿಮೆ ಕಪ್ಪಗೇ ಉಳಿಯಿತು. ಹೀಗೇ ತೊಳೆದ ಬರೀ ಪಿಎಲ್‌ಎ ಮಾತ್ರ ಆಗಲೂ ಹಸಿರಾಗಿ ಹೊಳೆಯುತ್ತಿತ್ತು.

ಪ್ಲಾಸ್ಮಾ ಫಿಲ್ಮುಗಳ ಹಳೇ ಡೇಟಾ ಎಲ್ಲ ಎತ್ತಿ ತೊಳೆದಿದ್ದೇ. ಅಷ್ಟನ್ನೂ ಮತ್ತೆ ಮೊದಲಿಂದ ಮಾಡಿದೆ.