ಸೀನೀರಿನ ಬೋರು, ಸವಳು ನೀರಿನ ಬೋರು: ಊರಿನ ಕುಡಿಯುವ ನೀರನ್ನು ಪರೀಕ್ಷಿಸಿದ ನನ್ನ ಅನುಭವ

ಜಗಳೂರು ತಾಲ್ಲೂಕಿನ ನಮ್ಮ ಊರಿನ ಟ್ಯಾಂಕಿಗೆ ಎರಡು ಕೊಳವೆಬಾವಿಗಳಿಂದ ನೀರು ಬರುತ್ತದೆ. ಕೆರೆಯಂಗಳದ ಹತ್ತಿರವಿರುವ ಬೋರಿನದು ಸವಳು ನೀರು. ಅದರಲ್ಲಿ ಸೋಪು ನೊರೆ ಕೊಡುವುದಿಲ್ಲ, ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿಯ ಪದರ ಕಟ್ಟುತ್ತದೆ. ಗುಡ್ಡದ ಕಡೆಯ ಬೋರಿನದು ಸೀನೀರು. ತೊಗರಿಬೇಳೆ ಅದರಲ್ಲಿ ಬೇಗ ಬೇಯುತ್ತದೆ, ಚಹಾ ರುಚಿಯಾಗುತ್ತದೆ, ಬಟ್ಟೆ ಬೆಳ್ಳಗಾಗುತ್ತದೆ. ಹೀಗಾಗಿ ಕುಡಿಯಲು ಗುಡ್ಡದ ಬೋರಿನ ನೀರನ್ನೇ ಬಿಡಬೇಕು, ಸವಳು ನೀರನ್ನು ದನಕರುಗಳಿಗೂ ಬಳಕೆಗೂ ಇಟ್ಟುಕೊಳ್ಳಬೇಕು ಎಂಬುದು ಊರಿನವರ ಬಹುಕಾಲದ ತೀರ್ಮಾನವಾಗಿತ್ತು. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಊರಿನಿಂದ ಐವರು ಮಹಿಳೆಯರಿಗೆ ನೀರಿನ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಟ್ಟಾಗ, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಓದಿದ್ದ ಕಾರಣಕ್ಕೆ ಆ ಪೆಟ್ಟಿಗೆ ನನ್ನ ಮನೆಯಲ್ಲಿಯೇ ಉಳಿಯಿತು. ಅಂದಿನಿಂದ ಈ ಎರಡು ಬೋರುಗಳ ಲೆಕ್ಕ ಬರೆಯುತ್ತಿದ್ದೇನೆ.

ನಾನು ಆರಂಭಿಸುವ ಮೊದಲೇ ಊರಿನಲ್ಲಿ ನೀರಿನಲ್ಲಿ ಕರಗಿದ ಲವಣವನ್ನು ತೋರಿಸುವ ಒಂದು ಟಿಡಿಎಸ್ ಮೀಟರ್ ಓಡಾಡುತ್ತಿತ್ತು. ಮನೆಮನೆಗೆ ಫಿಲ್ಟರ್ ಮಾರಲು ಬಂದವರು ಅದನ್ನು ಲೋಟದಲ್ಲಿ ಅದ್ದಿ ಸಂಖ್ಯೆ ತೋರಿಸಿ ಹೋಗಿದ್ದರು. ನೀರುಗಂಟಿಯೂ ಒಂದನ್ನು ಕೊಂಡಿದ್ದನು. "ಅಕ್ಕಾ, ಮೀಟರಿನಾಗೆ ಗುಡ್ಡದ ಬೋರು ಆರ್ನೂರು ತೋರಿಸ್ತೈತಿ, ಕೆರೆ ಬೋರು ಸಾವಿರದ ನಾನ್ನೂರು ದಾಟ್ತೈತಿ, ಇನ್ನೇನು ಟೆಸ್ಟ್ ಮಾಡೋದೈತಿ?" ಎಂದು ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಆದರೆ ಆ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು ಮಾತ್ರ. ಅದನ್ನೊಂದು ಗುಣಕದಿಂದ ಗುಣಿಸಿ, ಕರಗಿದ ಲವಣಗಳ ಒಟ್ಟು ಮೊತ್ತವೆಂದು ತೋರಿಸುತ್ತದೆ. ಲೀಟರಿಗೆ 600 ಮಿಲಿಗ್ರಾಂ ಲವಣದೊಳಗೆ, ಹೆಚ್ಚಾದರೆ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ 2 ಮಿಲಿಗ್ರಾಂ ಸೇರಿಕೊಂಡಿದ್ದರೆ ಅದು ಮೀಟರಿಗೆ ಬೇರೆಯಾಗಿ ಕಾಣುವುದಿಲ್ಲ. ಬ್ಯಾಕ್ಟೀರಿಯಾವಂತೂ ಅದರ ಲೆಕ್ಕಕ್ಕೇ ಬರುವುದಿಲ್ಲ.

ಎರಡೂ ಬೋರುಗಳಿಂದ ಮಾದರಿ ತೆಗೆದು ಇಲಾಖೆಯ ಪ್ರಯೋಗಾಲಯಕ್ಕೆ ಕಳುಹಿಸಿದೆವು. ಪಂಪು ಚಾಲೂ ಮಾಡಿ, ಕೊಳವೆಯಲ್ಲಿ ನಿಂತಿದ್ದ ಹಳೆಯ ನೀರೆಲ್ಲ ಹೋಗುವಂತೆ ಹತ್ತು ನಿಮಿಷ ಹರಿಯಬಿಟ್ಟು, ಅದೇ ನೀರಿನಿಂದ ಪ್ಲಾಸ್ಟಿಕ್ ಬಾಟಲಿಯನ್ನು ಮೂರು ಸಲ ತೊಳೆದು ತುಂಬಿಸಿದೆವು. ಫ್ಲೋರೈಡ್ ಪರೀಕ್ಷೆಯ ಮಾದರಿಗೆ ಗಾಜಿನ ಬಾಟಲಿಗಿಂತ ಪ್ಲಾಸ್ಟಿಕ್ ವಾಸಿ. ಬಾಟಲಿಯ ಮೇಲೆ ಊರು, ಬೋರು, ದಿನಾಂಕಗಳ ಜೊತೆಗೆ ತೆಗೆದ ಹೊತ್ತನ್ನೂ, ಆಗ ಪಂಪು ಎಷ್ಟು ಹೊತ್ತಿನಿಂದ ಓಡುತ್ತಿತ್ತು ಎಂಬುದನ್ನೂ ಬರೆಯುವ ರೂಢಿ ಮಾಡಿಕೊಂಡೆ. ಇಷ್ಟು ವಿವರವಿಲ್ಲದ ವರದಿ ಎಷ್ಟು ಮೊಹರು ಹೊತ್ತು ಬಂದರೂ ಮುಂದಿನ ವರ್ಷದ ವರದಿಯೊಡನೆ ಹೋಲಿಸಲು ಬರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ವರದಿ ಬಂದಾಗ ಊರಿನ ತೀರ್ಮಾನ ತಲೆಕೆಳಗಾಯಿತು. ಸವಳು ಬೋರಿನಲ್ಲಿ ಲೀಟರಿಗೆ ಕರಗಿದ ಲವಣ 1,450 ಮಿಲಿಗ್ರಾಂ, ಗಡಸುತನ (ಸೋಪಿನ ನೊರೆ ತಡೆಯುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಶ) 540, ಫ್ಲೋರೈಡ್ 0.7. ಸೀನೀರಿನ ಬೋರಿನಲ್ಲಿ ಲವಣ 640, ಗಡಸುತನ 130, ಫ್ಲೋರೈಡ್ 2.3. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಕರಗಿದ ಲವಣಕ್ಕೆ ಇದೇ ರೀತಿಯ ಎರಡು ಮಿತಿಗಳು 500 ಮತ್ತು 2,000. ಗಡಸುತನಕ್ಕೆ 200 ಮತ್ತು 600. ಎಂದರೆ ಎಲ್ಲರೂ ಮೂಗು ಮುರಿಯುತ್ತಿದ್ದ ನೀರು ಬೇರೆ ಮೂಲವಿಲ್ಲದಾಗ ಒಪ್ಪಬಹುದಾದ ಮಿತಿಯೊಳಗಿತ್ತು. ಎಲ್ಲರೂ ಬಯಸುತ್ತಿದ್ದ ನೀರು ಮಿತಿಯನ್ನು ದಾಟಿತ್ತು.

ಇದು ಆಕಸ್ಮಿಕವಲ್ಲ. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಕಾಗೆಬಂಗಾರದ ಜಾತಿಯ ಬಯೋಟೈಟ್ ಮೊದಲಾದ ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿದ್ದರೆ ಅದು ಫ್ಲೋರೈಡಿನೊಡನೆ ಕೂಡಿ ಸುಲಭವಾಗಿ ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಆಗುವುದರಿಂದ, ಗಡಸು ನೀರು ಹೆಚ್ಚು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳಲಾರದು. ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು, ಅದರ ಕ್ಯಾಲ್ಸಿಯಂ ಕಡಿಮೆಯಾಗಿ, ಸೋಡಿಯಂ ಮತ್ತು ಬೈಕಾರ್ಬೊನೇಟ್ ಏರಿ, ಕ್ಷಾರಗುಣ ಬಂದಾಗ ಫ್ಲೋರೈಡ್ ಅಡ್ಡಿಯಿಲ್ಲದೆ ಕರಗುತ್ತ ಹೋಗುತ್ತದೆ. ಬೇಳೆ ಬೇಗ ಬೇಯುವುದೂ ಕ್ಯಾಲ್ಸಿಯಂ ಕಡಿಮೆಯಿರುವ ನೀರಿನಲ್ಲಿಯೇ. ಅಡುಗೆಮನೆಯಲ್ಲಿ ಆ ನೀರಿಗೆ ಸಿಕ್ಕಿದ ಹೊಗಳಿಕೆ ಮತ್ತು ಶಾಲೆಯ ಮಕ್ಕಳ ಹಲ್ಲಿನ ಮೇಲೆ ಕಂಡ ಸುಣ್ಣದಂತಹ ಬಿಳಿ ಮಚ್ಚೆ, ಕಂದು ಗೆರೆಗಳು ಒಂದೇ ಮೂಲದಿಂದ ಬಂದವು. ಎಲ್ಲ ಸೀನೀರಿನಲ್ಲೂ ಫ್ಲೋರೈಡ್ ಹೆಚ್ಚಿರುತ್ತದೆ ಎಂದು ಇದರಿಂದ ಹೇಳಲಾಗದು. ಗಡಸುತನ, ಫ್ಲೋರೈಡ್ ಎರಡೂ ಹೆಚ್ಚಾಗಿರುವ ಬೋರುಗಳೂ ಉಂಟು. ನಾಲಿಗೆಯಿಂದ ಇದನ್ನು ತಿಳಿಯಲಾಗದು ಎಂದಷ್ಟೇ ಹೇಳಬಹುದು. ಕುದಿಸಿದರೂ ಪ್ರಯೋಜನವಿಲ್ಲ. ನೀರು ಆವಿಯಾಗಿ ಉಳಿದುದರಲ್ಲಿ ಫ್ಲೋರೈಡಿನ ಪ್ರಮಾಣ ಇನ್ನಷ್ಟು ಏರುತ್ತದೆ. ತಿಪ್ಪೆಗಳಿಂದಲೂ, ಈರುಳ್ಳಿ ಮತ್ತು ಮೆಕ್ಕೆಜೋಳದ ಹೊಲಗಳ ಗೊಬ್ಬರದಿಂದಲೂ ಇಳಿಯುವ ನೈಟ್ರೇಟಿನ ಮಾತೂ ಇದೇ. ಅದರ ಮಿತಿ 45 ಮಿಲಿಗ್ರಾಂ, ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ. ನಮ್ಮ ಎರಡೂ ಬೋರುಗಳು ಅದರಲ್ಲಿ ಪಾರಾದವು.

ಕಿಟ್ಟಿನ ಫ್ಲೋರೈಡ್ ಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಜಿರ್ಕೋನಿಯಂ ಮತ್ತು ಬಣ್ಣದ ಸಂಯುಕ್ತದ ಹನಿಗಳನ್ನು ನೀರಿಗೆ ಹಾಕಿದಾಗ, ಫ್ಲೋರೈಡ್ ಇಲ್ಲದಿದ್ದರೆ ಗುಲಾಬಿ ಬಣ್ಣ ನಿಲ್ಲುತ್ತದೆ. ಫ್ಲೋರೈಡ್ ಹೆಚ್ಚಿದಂತೆ ಅದು ಜಿರ್ಕೋನಿಯಮ್ಮನ್ನು ಬಣ್ಣದಿಂದ ಕಿತ್ತುಕೊಳ್ಳುವುದರಿಂದ ಗುಲಾಬಿ ಮಾಸಿ ಹಳದಿಗೆ ತಿರುಗುತ್ತದೆ. ಕಾರ್ಡಿನ ಮೇಲಿನ ಒಂದು ಮತ್ತು ಒಂದೂವರೆಯ ಬಣ್ಣಗಳ ನಡುವಿನ ಅಂತರ ಬಹಳ ಸೂಕ್ಷ್ಮ. ನಮಗೆ ತೀರ್ಮಾನ ಬೇಕಾಗಿರುವುದೂ ಅಲ್ಲಿಯೇ. ಟ್ಯೂಬ್‌ಲೈಟಿನ ಕೆಳಗೆ ಒಂದು ಬಣ್ಣ, ಹಸಿರು ಗೋಡೆಯ ಅಂಗನವಾಡಿಯಲ್ಲಿ ಇನ್ನೊಂದು ಬಣ್ಣ ಕಾಣುತ್ತದೆ. ಆದ್ದರಿಂದ ಬೆಳಗಿನ ಹೊತ್ತು ಜಗಲಿಯ ನೆರಳಿನಲ್ಲಿ, ಹಿಂದೆ ಬಿಳಿ ಕಾಗದ ಹಿಡಿದು, ಇಬ್ಬರು ಬೇರೆಬೇರೆಯಾಗಿ ನೋಡಿ ಬರೆಯುವಂತೆ ಮಾಡಿದೆ. ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ತಾಳೆ ನೋಡುವ ದ್ರಾವಣ. ಒಂದು ಲೀಟರ್ ಭಟ್ಟಿ ಇಳಿಸಿದ ನೀರಿನಲ್ಲಿ 221 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಕರಗಿಸಿದರೆ ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡಿನ ದ್ರಾವಣವಾಗುತ್ತದೆ. ಅದರ 15 ಮಿಲಿಲೀಟರನ್ನು ಒಂದು ಲೀಟರಿಗೆ ಹಿಗ್ಗಿಸಿದರೆ ಸರಿಯಾಗಿ 1.5. ಈ ಲವಣ ವಿಷಕಾರಿಯಾದುದರಿಂದ ಮತ್ತು ಅಷ್ಟು ಸಣ್ಣ ತೂಕ ಮನೆಯಲ್ಲಿ ಆಗುವ ಕೆಲಸವಲ್ಲವಾದುದರಿಂದ, ಪರಿಚಯದ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮಾಡಿಸಿಕೊಂಡು ತಂದೆ. ಪ್ರತಿ ಸಲವೂ ಭಟ್ಟಿ ನೀರು, 1.5ರ ದ್ರಾವಣ, ಬೋರಿನ ನೀರು ಈ ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ. ಕಾರ್ಡಿನ ಬಣ್ಣ ಬಿಸಿಲಿಗೆ ಮಾಸಿದ್ದರೂ, ಹನಿಯೌಷಧದ ಅವಧಿ ಮುಗಿದಿದ್ದರೂ ಇದರಿಂದ ಕೂಡಲೇ ತಿಳಿಯುತ್ತದೆ. ಕ್ಲೋರಿನ್ ಈ ಬಣ್ಣವನ್ನು ಕೆಡಿಸುವುದರಿಂದ ಫ್ಲೋರೈಡಿನ ಮಾದರಿಯನ್ನು ಬೋರಿನ ಬಾಯಿಯಲ್ಲಿಯೇ, ಬ್ಲೀಚಿಂಗ್ ಸೇರುವ ಮೊದಲೇ ತೆಗೆಯಬೇಕು.

ಗುಡ್ಡದ ಬೋರನ್ನು ಮುಚ್ಚಿಬಿಡೋಣ ಎಂದರೆ ಬೇಸಿಗೆಯಲ್ಲಿ ಒಂದೇ ಬೋರು ಊರಿಗೆ ಸಾಲದು. ಹೀಗಾಗಿ ಎರಡನ್ನೂ ಬೆರೆಸುವ ಲೆಕ್ಕ ಹಾಕಿದೆವು. ಸವಳು ನೀರು ಎರಡು ಪಾಲು, ಸೀನೀರು ಒಂದು ಪಾಲು ಸೇರಿದರೆ ಫ್ಲೋರೈಡ್ ಸುಮಾರು 1.2ಕ್ಕೆ ಇಳಿಯುತ್ತದೆ, ಗಡಸುತನ 400ರ ಆಸುಪಾಸಿಗೆ, ಲವಣ 1,200ರ ಒಳಗೆ ಬರುತ್ತದೆ. ಪಾಲು ಹಾಕಲು ಪಂಪಿನ ಮೇಲೆ ಬರೆದ ಅಶ್ವಶಕ್ತಿಯನ್ನು ನಂಬದೆ, 200 ಲೀಟರಿನ ಡ್ರಮ್ಮನ್ನು ಪ್ರತಿ ಬೋರಿನ ಕೊಳವೆಗೆ ಹಿಡಿದು ಗಡಿಯಾರ ನೋಡಿದೆವು. ಕೆರೆ ಬೋರು ಎರಡು ನಿಮಿಷಕ್ಕೆ ತುಂಬಿಸಿತು, ಗುಡ್ಡದ ಬೋರು ನಾಲ್ಕು ನಿಮಿಷ ತೆಗೆದುಕೊಂಡಿತು. ಎರಡನ್ನೂ ಒಟ್ಟಿಗೆ ಓಡಿಸಿ ಒಟ್ಟಿಗೆ ನಿಲ್ಲಿಸಿದರೆ ಪಾಲು ತಾನಾಗಿಯೇ ಸರಿಹೋಗುತ್ತದೆ ಎಂದು ಇದರಿಂದ ತಿಳಿಯಿತು. ಒಂದರ ನಂತರ ಒಂದನ್ನು ಓಡಿಸಿದರೆ ಟ್ಯಾಂಕಿನಲ್ಲಿ ಭಾರದ ಸವಳು ನೀರು ಕೆಳಗೆ, ಸೀನೀರು ಮೇಲೆ ನಿಲ್ಲುವ ಸಂಭವವಿರುವುದರಿಂದಲೂ ಒಟ್ಟಿಗೆ ಓಡಿಸುವುದೇ ಲೇಸು. ಶಿವರಾತ್ರಿ ಕಳೆದ ಮೇಲೆ ಬೋರುಗಳ ಇಳುವರಿ ಕುಗ್ಗುತ್ತದೆ, ಅದೂ ಎರಡರದೂ ಒಂದೇ ಪ್ರಮಾಣದಲ್ಲಿ ಅಲ್ಲ. ಆಗ ಡ್ರಮ್ಮಿನ ಲೆಕ್ಕವನ್ನು ಮತ್ತೆ ಮಾಡಬೇಕು. ನೀರು ಸವಳಾಯಿತು, ಬೇಳೆ ಬೇಯುವುದಿಲ್ಲ ಎಂಬ ದೂರು ಇಂದಿಗೂ ನಿಂತಿಲ್ಲ. ಆ ದೂರು ಸುಳ್ಳೂ ಅಲ್ಲ.

ಫ್ಲೋರೈಡ್ ನಿಧಾನಿ. ಬೋರಿನ ಬಾಯಿಯಲ್ಲಿ ಎಷ್ಟಿತ್ತೋ ಕೊನೆಯ ನಲ್ಲಿಯಲ್ಲೂ ಅಷ್ಟೇ ಇರುತ್ತದೆ. ರೋಗಾಣುಗಳ ವಿಷಯ ಹಾಗಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ವಾಂತಿಭೇದಿಯಾಗಿ ಜನ ಸತ್ತ ಸುದ್ದಿ ಬಂದ ಮೇಲೆ, ನಮ್ಮ ಊರಿನ ನೀರಿನ ಸಮಿತಿಯ ಸಭೆಯಲ್ಲಿ ಎಲ್ಲರೂ ಟ್ಯಾಂಕ್ ತೊಳೆಸುವ ಮಾತನ್ನೇ ಆಡಿದರು. ನಾನು ಕೆಳಗಿನ ಕೇರಿಯ ಕೊನೆಯ ನಲ್ಲಿಯ ನೀರನ್ನು ನೋಡೋಣ ಎಂದೆ. ಅಲ್ಲಿ ಒತ್ತಡ ಸಾಲದೆ ಜನರು ನಲ್ಲಿಯ ಸುತ್ತ ಸೊಂಟದಾಳದ ಗುಂಡಿ ತೋಡಿ, ಕೊಳವೆಯನ್ನು ಕೆಳಗೇ ಕತ್ತರಿಸಿ ಕೊಡ ಇಡುತ್ತಿದ್ದರು. ನೀರು ನಿಂತ ಮೇಲೆ ಆ ಗುಂಡಿಯಲ್ಲಿ ಪಾತ್ರೆ ತೊಳೆದ ನೀರು, ಪಕ್ಕದ ಚರಂಡಿಯ ಒಸರು ತುಂಬಿ ಕೊಳವೆಯ ಬಾಯಿ ಮುಳುಗುತ್ತಿತ್ತು. ಮೇಲಿನ ಮನೆಯವರು ಕೊಳವೆಗೆ ಮೋಟಾರ್ ಹಚ್ಚಿ ಎಳೆದಾಗ, ಅಥವಾ ವಾಲ್ವ್ ಕಟ್ಟಿದ ಮೇಲೆ ಕೊಳವೆ ಬರಿದಾದಾಗ, ಗುಂಡಿಯ ನೀರು ಒಳಗೆ ಹೋಗುತ್ತದೆ. ಮರುದಿನ ನೀರು ಬಿಟ್ಟಾಗ ಮೊದಲ ಕೊಡಕ್ಕೆ ಬೀಳುವುದು ಅದೇ.

ಈ ಕಾರಣದಿಂದ ಕೊನೆಯ ನಲ್ಲಿಯಲ್ಲಿ ಎರಡು ಮಾದರಿ ತೆಗೆಯುತ್ತೇನೆ, ನೀರು ಬಂದ ಕೂಡಲೇ ಒಂದು, ಕಾಲು ಗಂಟೆಯ ನಂತರ ಇನ್ನೊಂದು. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿಯೊಳಗಿನ ಪುಡಿ ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆಯೊಳಗೆ ಕಪ್ಪಾದರೆ ನೀರು ಕೆಟ್ಟಿದೆಯೆಂದು ಅರ್ಥ. ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳ ಜೊತೆ ಬರುವ ಜೀವಿಗಳು ಹೈಡ್ರೋಜನ್ ಸಲ್ಫೈಡ್ ಹೊರಬಿಟ್ಟು, ಅದು ಬಾಟಲಿಯಲ್ಲಿನ ಕಬ್ಬಿಣದೊಡನೆ ಸೇರಿದಾಗ ಆಗುವ ಕಪ್ಪು ಅದು. ಚಳಿಗಾಲದ ರಾತ್ರಿ ಅವು ಬೆಳೆಯದೆ ಸುಳ್ಳು ಸಮಾಧಾನ ಕೊಡುವ ಸಾಧ್ಯತೆ ಇರುವುದರಿಂದ, ಬಾಟಲಿಗಳನ್ನು ಚಳ್ಳಕೆರೆಯ ಕಂಬಳಿಯಲ್ಲಿ ಸುತ್ತಿ ಅಡುಗೆಮನೆಯ ಅಟ್ಟದಲ್ಲಿಡುತ್ತೇನೆ. ಮೊದಲ ಮಾದರಿ ಒಂದೇ ರಾತ್ರಿಗೆ ಕಪ್ಪಾಯಿತು. ಎರಡನೆಯದು ಎರಡು ದಿನವಾದರೂ ಬಣ್ಣ ಬದಲಿಸಲಿಲ್ಲ. ಟ್ಯಾಂಕಿನದೂ ಬದಲಾಗಲಿಲ್ಲ. ದೋಷ ಟ್ಯಾಂಕಿನದಲ್ಲ, ಗುಂಡಿಯದು ಎಂದು ಪಂಚಾಯಿತಿಯವರಿಗೆ ತೋರಿಸಲು ಆ ಮೂರು ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರೆ ಸಾಕಾಯಿತು. ಗುಂಡಿ ಮುಚ್ಚಿಸಿ, ಆ ಕೇರಿಗೆ ಬೇರೆ ವಾಲ್ವ್ ಇಟ್ಟು ಮೊದಲ ಸರದಿ ಕೊಟ್ಟ ಮೇಲೆ ನಲ್ಲಿಗಳು ನೆಲದ ಮೇಲೆ ಬಂದವು. ಕಪ್ಪಾದ ಬಾಟಲಿಗೆ ಬ್ಲೀಚಿಂಗ್ ಪುಡಿ ಹಾಕಿ ಇಟ್ಟ ನಂತರವೇ ಚೆಲ್ಲಬೇಕು.

ದಿನವೂ ಮಾಡಲು ಸಾಧ್ಯವಿರುವ ಪರೀಕ್ಷೆ ಉಳಿಕೆ ಕ್ಲೋರಿನ್ನಿನದು, ಎಂದರೆ ತನ್ನ ಕೆಲಸ ಮುಗಿಸಿ ನೀರಿನಲ್ಲಿ ಉಳಿದ ಕ್ಲೋರಿನ್ನಿನದು ಮಾತ್ರ. ಕೊನೆಯ ನಲ್ಲಿಯಲ್ಲಿ ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ನಮ್ಮ 50,000 ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಸಿಗಬೇಕಾದರೆ ಒಟ್ಟು 100 ಗ್ರಾಂ ಕ್ಲೋರಿನ್ ಬೇಕು, ಎಂದರೆ ನೂರಕ್ಕೆ 25ರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿ 400 ಗ್ರಾಂ. ಆದರೆ ಬಾಯಿ ತೆರೆದ ಚೀಲ ಮಳೆಗಾಲದ ತೇವ ಕುಡಿದರೆ ಆ ಪುಡಿಯಲ್ಲಿ ಸುಣ್ಣವೇ ಹೆಚ್ಚು ಉಳಿದಿರುತ್ತದೆ. ತೂಕ ಸರಿಯಿದ್ದರೂ, ಪರೀಕ್ಷೆಯ ಹನಿ ಹಾಕಿದ ನಲ್ಲಿಯ ನೀರಿನಲ್ಲಿ ಹಳದಿ ಬಣ್ಣ ಮೂಡದಿದ್ದರೆ ಮೊದಲು ಚೀಲವನ್ನು ಅನುಮಾನಿಸಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕುಳಿತ ಮೇಲೆ ತಿಳಿನೀರನ್ನು ಮಾತ್ರ, ಟ್ಯಾಂಕ್ ತುಂಬುತ್ತಿರುವಾಗಲೇ ಸುರಿದು, ಅರ್ಧ ಗಂಟೆ ಬಿಟ್ಟು ವಾಲ್ವ್ ತೆರೆಯಬೇಕೆಂದು ನೀರುಗಂಟಿಗೆ ಒಪ್ಪಿಸಿದ್ದೇನೆ. ಪರೀಕ್ಷೆಯ ಹನಿ ಬಿದ್ದ ಕೂಡಲೇ ಮೂಡುವ ಹಳದಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು, ನಿಧಾನವಾಗಿ ಗಾಢವಾಗುವುದನ್ನಲ್ಲ.

ಬೆರೆಸಿದ ನೀರಿನ ಫ್ಲೋರೈಡ್ 1.2 ಇರುವುದರಿಂದ, ಸಣ್ಣ ಮಕ್ಕಳಿಗೂ ಗರ್ಭಿಣಿಯರಿಗೂ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಕೊಡಿ ಎಂದು ಆಶಾ ಕಾರ್ಯಕರ್ತೆಯ ಜೊತೆ ಮನೆಗಳಿಗೆ ಹೋಗಿ ಹೇಳುತ್ತೇನೆ. ನೀರುಗಂಟಿಯ ಟಿಡಿಎಸ್ ಮೀಟರ್ ನಿಜವಾಗಿ ಕೆಲಸಕ್ಕೆ ಬರುವುದು ಈ ಘಟಕದಲ್ಲಿ. ಒಳಬರುವ ನೀರು ಬದಲಾಗದೆ ಇದ್ದು ಹೊರಬರುವ ನೀರಿನ ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಘಟಕದೊಳಗೆ ಲವಣವನ್ನು ಸೋಸುವ ಪೊರೆ ಸವೆಯುತ್ತಿದೆ ಎಂದು ತಿಳಿದು, ಫ್ಲೋರೈಡ್ ಪರೀಕ್ಷೆ ಮಾಡಿ ಪೊರೆ ಬದಲಿಸಲು ಬರೆಯಬಹುದು. ಘಟಕ ಹೊರಹಾಕುವ ತ್ಯಾಜ್ಯ ನೀರನ್ನು ಹಿಂದಿನ ಗೋಡೆಯಾಚೆಯ ದನದ ತೊಟ್ಟಿಗೆ ಬಿಟ್ಟಿದ್ದರು. ನೀರು ಪೋಲಾಗಬಾರದು ಎಂಬ ಸದುದ್ದೇಶ ಅದರ ಹಿಂದಿತ್ತು. ಪೊರೆ ತಡೆಹಿಡಿದದ್ದೆಲ್ಲ ಸೇರುವುದು ಆ ನೀರಿಗೇ ಆದುದರಿಂದ ಅದನ್ನೂ ಪರೀಕ್ಷಿಸಿದೆ. 1.5ರ ದ್ರಾವಣದ ಪಕ್ಕದಲ್ಲಿ ಅದು ಪೂರ್ತಿ ಹಳದಿಯಾಗಿ ನಿಂತಿತು. ತೊಟ್ಟಿಗೆ ಈಗ ಕೆರೆ ಬೋರಿನ ನೀರು ಬರುತ್ತದೆ, ತ್ಯಾಜ್ಯ ನೀರಿನ ಕೊಳವೆಯನ್ನು ಸಮುದಾಯ ಶೌಚಾಲಯದ ಟ್ಯಾಂಕಿಗೆ ಜೋಡಿಸಿದ್ದಾರೆ.